ಗಣಕಕ್ರಿಮಿಯ ಪ್ರಸಾರಕ್ರಮವೂ ಕೈಗಾ ಸ್ಥಾವರವೂ

೧. ವಿಷಯಪ್ರವೇಶ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳೀನದಿಯ ದಂಡೆಯ ಮೇಲೆ, ದಟ್ಟವಾದ ಅರಣ್ಯದ ನಡುವೆ ಕೈಗಾ ಎಂಬ ಸ್ಥಳವಿದೆ. ಭಾರತೀಯ ಪರಮಾಣು ವಿದ್ಯುತ್ ನಿಗಮಕ್ಕೆ ಸೇರಿದ, ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಅಲ್ಲಿ ಸ್ಥಾಪಿತವಾಗಿವೆ. ಮೊದಲಿನ ಎರಡು ಘಟಕಗಳು ೨೦೦೦ದಲ್ಲಿಯೂ, ಮೂರನೆಯದು ೨೦೦೭ರಲ್ಲಿಯೂ, ನಾಲ್ಕನೆಯದು ೨೦೧೧ರಲ್ಲಿಯೂ ವಾಣಿಜ್ಯೋತ್ಪಾದನೆಗೆ ತೊಡಗಿದುವು. ಇವುಗಳಲ್ಲಿ ಒಂದನೆಯ ಘಟಕವು ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಡೆಬಿಡದೆ ನಡೆದು, ಆ ಕಾಲಕ್ಕೆ ಜಗತ್ತಿನಲ್ಲಿಯೇ ಮೊದಲನೆಯದೆನಿಸಿತು.

೨೦೧೯ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಇದೇ ನಿಗಮದ ಆಡಳಿತಕ್ಕೆ ಒಳಪಟ್ಟ ತಮಿಳುನಾಡಿನ ಕೂಡಂಕುಳಂ ಸ್ಥಾವರದ ಗಣಕಯಂತ್ರವೊಂದಕ್ಕೆ ಸೋಂಕು ತಗುಲಿತೆಂಬ ವಾರ್ತೆಯು ಹಬ್ಬಿತು. ಅಲ್ಲಿಯ ಅಧಿಕಾರಿಗಳು ಅಕ್ಟೋಬರ್ ೨೯ರಂದು ಇದನ್ನು ನಿರಾಕರಿಸಿದರು. ಕೂಡಂಕುಳಂ ಮತ್ತು ಭಾರತದ ಇತರ ಪರಮಾಣು ಸ್ಥಾವರಗಳ ನಿಯಂತ್ರಣವ್ಯವಸ್ಥೆಗಳು ಸ್ವತಂತ್ರವಾಗಿ ನಿಂತಿವೆ. ಅವು ಹೊರಗಿನ ಜಾಲಕ್ಕೂ ಅಂತರ್ಜಾಲಕ್ಕೂ ಸಂಬಂಧಪಟ್ಟಿಲ್ಲ. ಆದುದರಿಂದ ಅವುಗಳ ಮೇಲೆ ಅಂಥ ಆಕ್ರಮಣವು ಸಾಧ್ಯವಲ್ಲ ಎಂಬುದು ಅವರ ಹೇಳಿಕೆಯ ತಾತ್ಪರ್ಯ. ಮರುದಿನವೇ ನಿಗಮವು, ಆಡಳಿತಕಾರ್ಯಕ್ಕಾಗಿ ಅಂತರ್ಜಾಲಕ್ಕೆ ಜೋಡಿಸಿದ್ದ ಒಂದು ಗಣಕದಲ್ಲಿ ಸೋಂಕು ಕಂಡುಬಂದದ್ದು ನಿಜವೆಂದೂ, ಆ ಗಣಕವು ಸ್ಥಾವರದ ಮುಖ್ಯವಾದ ಒಳಜಾಲದಿಂದ ಬೇರೆಯಾಗಿತ್ತೆಂದೂ ಪ್ರಕಟಿಸಿತು. ಕೂಡಂಕುಳಂನಲ್ಲಿ ದೊರೆತದ್ದು ಗೂಢಚಾರನಂತೆ ಸುದ್ದಿಯನ್ನು ಕದಿಯುವ ಕ್ರಮವಿಧಿಯೇ ಹೊರತು, ಪ್ರಕೃತ ವಿಚಾರಕ್ಕೆ ವಿಷಯವಾದ ಕ್ರಿಮಿಯಲ್ಲ. ಆದರೆ ಆ ಹೇಳಿಕೆಯು ಕೈಗಾ ಸ್ಥಾವರವನ್ನೂ ಒಳಗೊಂಡದ್ದಾದ ಕಾರಣ, ಅದರಲ್ಲಿ ಅಡಗಿರುವ ಅನುಮಾನವು ಪರೀಕ್ಷೆಗೆ ಯೋಗ್ಯವಾಗಿದೆ.

ತರ್ಕಶಾಸ್ತ್ರದ ರೀತಿಯಲ್ಲಿ ಆ ಅನುಮಾನವನ್ನು ಹೀಗೆ ನಿರೂಪಿಸಬಹುದು. 'ಈ ಗಣಕವು ಪ್ರವೇಶಕ್ಕೆ ಅಸಾಧ್ಯವಾದದ್ದು' ಎಂಬುದು ಪ್ರತಿಜ್ಞೆ. 'ಹೊರಜಾಲದ ಸಂಬಂಧವಿಲ್ಲದ್ದರಿಂದ' ಎಂಬುದು ಹೇತು. ಎಲ್ಲೆಲ್ಲಿ ಹೊರಜಾಲದ ಸಂಬಂಧವಿಲ್ಲವೋ ಅಲ್ಲಲ್ಲಿ ಪ್ರವೇಶವಿಲ್ಲ ಎಂಬ ವ್ಯಾಪ್ತಿಯು ಸಿದ್ಧವಾದರೆ ಮಾತ್ರ ಈ ಹೇತು ನಿಲ್ಲುತ್ತದೆ. ಒಂದೇ ಒಂದು ವಿರುದ್ಧ ನಿದರ್ಶನವು ದೊರೆತರೂ ಅದು ಸವ್ಯಭಿಚಾರವಾಗುತ್ತದೆ. ಈ ವ್ಯಾಪ್ತಿಯ ಬಲಾಬಲಗಳನ್ನು ಅರಿಯಲು ಗಣಕಕ್ರಿಮಿಯೆಂದರೇನು, ಅದು ಹೇಗೆ ಒಳಹೊಗುತ್ತದೆ, ಹೇಗೆ ಹಬ್ಬುತ್ತದೆ, ಹೇಗೆ ರೂಪವನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಕ್ರಮವಾಗಿ ತಿಳಿಯತಕ್ಕದ್ದು.

೨. ಕ್ರಿಮಿಯ ಲಕ್ಷಣ

ಗಣಕಯಂತ್ರವು ನಡೆಯುವುದು ಕ್ರಮವಿಧಿಗಳಿಂದ. 'ಇದನ್ನು ಮಾಡು, ಅನಂತರ ಅದನ್ನು ಮಾಡು' ಎಂಬ ಆಜ್ಞೆಗಳ ಪರಂಪರೆಯೇ ಕ್ರಮವಿಧಿ. ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು, ಮನುಷ್ಯನ ಅಪ್ಪಣೆಯಿಲ್ಲದೆ ಒಂದು ಗಣಕದಿಂದ ಮತ್ತೊಂದಕ್ಕೆ ಸಾಗುವ ಕ್ರಮವಿಧಿಗೆ ಕ್ರಿಮಿಯೆಂದು ಹೆಸರು. ವೈರಸ್ ಎಂಬುದು ಇದಕ್ಕಿಂತ ಭಿನ್ನ. ವೈರಸ್ಸು ಮತ್ತೊಂದು ಕಡತವನ್ನೋ ಕ್ರಮವಿಧಿಯನ್ನೋ ಆಶ್ರಯಿಸಿ, ಮರದ ಮೇಲಿನ ಬಂದಳಿಕೆಯಂತೆ ಬಾಳುತ್ತದೆ. ಆಶ್ರಯವನ್ನು ಯಾರಾದರೂ ತೆರೆದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಕ್ರಿಮಿಯು ಪರಾಶ್ರಯವಿಲ್ಲದೆ ಸ್ವತಃ ಚರಿಸತಕ್ಕದ್ದು. ಆದರೂ ಈ ಎರಡು ಲಕ್ಷಣಗಳು ಒಂದರಲ್ಲಿಯೇ ಬೆರೆತಿರುವ ಉದಾಹರಣೆಗಳು ಇಲ್ಲದಿಲ್ಲ.

ಈ ಹೆಸರು ಕಾದಂಬರಿಯಿಂದ ಬಂದದ್ದು. ಜಾನ್ ಬ್ರನರ್ ಎಂಬ ಆಂಗ್ಲ ಲೇಖಕನು ೧೯೭೫ರಲ್ಲಿ ಪ್ರಕಟಿಸಿದ ಒಂದು ಕಲ್ಪಿತಕಥೆಯಲ್ಲಿ, ಜಾಲದೊಳಗೆ ತಾನೇ ಬೆಳೆಯುತ್ತ ಹೋಗುವ ಕ್ರಮವಿಧಿಯನ್ನು ಹುಳುವೆಂದು ಕರೆದನು. ಅಮೆರಿಕೆಯ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದ ವಿದ್ವಾಂಸರು, ಬಿಡುವಾಗಿರುವ ಗಣಕಗಳಿಗೆ ಕೆಲಸವನ್ನು ಹಂಚುವುದಕ್ಕಾಗಿ ಇಂಥ ಕ್ರಮವಿಧಿಯನ್ನು ರಚಿಸಿ, ಆ ಹೆಸರನ್ನೇ ಇಟ್ಟು ೧೯೮೨ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಮೊದಲು ಉಪಕಾರಕ್ಕಾಗಿ ಹುಟ್ಟಿದ ಈ ವಿದ್ಯೆಯು ಅಪಕಾರಕ್ಕೆ ತಿರುಗಿದ್ದು ೧೯೮೮ರ ನವೆಂಬರ್ ೨ರಂದು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಅಂದು ಬಿಟ್ಟ ಕ್ರಿಮಿಯು ಆಗಿನ ಅಂತರ್ಜಾಲದ ಗಣಕಗಳಲ್ಲಿ ಸುಮಾರು ಹತ್ತರಲ್ಲೊಂದು ಭಾಗವನ್ನು ಮುಟ್ಟಿತೆಂದು ಅಂದಾಜು ಮಾಡಿದ್ದಾರೆ. ಅದು ಒಂದು ಗಣಕವನ್ನು ಹೊಕ್ಕೊಡನೆ 'ಇಲ್ಲಿ ಮೊದಲೇ ಒಂದು ಪ್ರತಿಯಿದೆಯೆ' ಎಂದು ವಿಚಾರಿಸುತ್ತಿತ್ತು. ಆದರೆ 'ಇದೆ'ಯೆಂದು ಸುಳ್ಳುತ್ತರವನ್ನಿತ್ತು ಅದನ್ನು ತಡೆಯಬಹುದೆಂದು ಶಂಕಿಸಿ, ಏಳು ಸಲಕ್ಕೊಮ್ಮೆ ಉತ್ತರವನ್ನು ಲಕ್ಷಿಸದೆ ನೆಲಸುವಂತೆ ಅದನ್ನು ರಚಿಸಲಾಗಿತ್ತು. ಇದರಿಂದ ಒಂದೊಂದು ಗಣಕದಲ್ಲಿಯೂ ಪ್ರತಿಗಳು ರಾಶಿಬಿದ್ದು ಯಂತ್ರಗಳು ಸ್ತಬ್ಧವಾದುವು. ಹಾನಿಯನ್ನು ಮಾಡಿದ್ದು ವಿಷವಲ್ಲ, ಸಂಖ್ಯೆ.

೩. ಪ್ರವೇಶದ್ವಾರ

ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಕ್ಕೂ ಒಂದು ವಿಳಾಸವಿರುತ್ತದೆ. ಆ ವಿಳಾಸದ ಮನೆಗೆ ಅಂಕಿಗಳಿಂದ ಗುರುತಿಸಿದ ಸಾವಿರಾರು ಬಾಗಿಲುಗಳಿವೆಯೆಂದು ಭಾವಿಸಬಹುದು. ಒಂದು ಬಾಗಿಲಲ್ಲಿ ಪತ್ರಗಳನ್ನು ಸ್ವೀಕರಿಸುವ ಸೇವೆ, ಮತ್ತೊಂದರಲ್ಲಿ ಪುಟಗಳನ್ನು ಒದಗಿಸುವ ಸೇವೆ, ಹೀಗೆ ಒಂದೊಂದರ ಹಿಂದೆಯೂ ಒಂದೊಂದು ಕ್ರಮವಿಧಿಯು ಕಾದಿರುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ೪೪೫ನೆಯ ಬಾಗಿಲು ಕಡತಗಳನ್ನೂ ಮುದ್ರಣಯಂತ್ರವನ್ನೂ ನೆರೆಯ ಗಣಕಗಳೊಡನೆ ಹಂಚಿಕೊಳ್ಳುವುದಕ್ಕಾಗಿ ಏರ್ಪಟ್ಟದ್ದು. ಒಂದು ಕಚೇರಿಯ ಹತ್ತು ಗಣಕಗಳು ಒಂದೇ ಮುದ್ರಣಯಂತ್ರವನ್ನು ಬಳಸುವುದು ಇಂಥ ಬಾಗಿಲಿನ ಸಹಾಯದಿಂದಲೇ.

ಬಾಗಿಲು ತೆರೆದಿರುವುದು ದೋಷವಲ್ಲ. ಬಾಗಿಲು ಕಾಯುವವನ ಅವಿವೇಕವೇ ದೋಷ. ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯೆಂದೂ ಅರ್ಥವಾದವೆಂದೂ ವಿಭಾಗಿಸುತ್ತಾರೆ: ಮೊದಲನೆಯದು ಕರ್ತವ್ಯವನ್ನು ವಿಧಿಸುವುದು, ಎರಡನೆಯದು ಸಂಗತಿಯನ್ನು ಹೇಳುವುದು. ಗಣಕದ ಸ್ಮೃತಿಯಲ್ಲಿಯೂ ಈ ಎರಡು ಬಗೆಯ ಬರಹಗಳಿವೆ. ಆಜ್ಞೆಯೂ ಅಲ್ಲಿಯೇ ಇದೆ, ಆಜ್ಞೆಗೆ ವಿಷಯವಾದ ವಸ್ತುವೂ ಅಲ್ಲಿಯೇ ಇದೆ, ಎರಡಕ್ಕೂ ಲಿಪಿಯೊಂದೇ. ಯಾವುದು ವಿಧಿ, ಯಾವುದು ಸಂಗತಿ ಎಂಬುದನ್ನು ಯಂತ್ರವು ಅರ್ಥದಿಂದ ತಿಳಿಯಲಾರದು; ಅದು ಬರೆದಿರುವ ಸ್ಥಾನದಿಂದ ಮಾತ್ರ ತಿಳಿಯುತ್ತದೆ. ಸ್ಥಾನವು ತಪ್ಪಿದರೆ ಸಂಗತಿಯೇ ವಿಧಿಯಾಗಿಬಿಡುತ್ತದೆ.

ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ಕಚೇರಿಯೊಂದರ ದಾಖಲೆಪುಸ್ತಕದಲ್ಲಿ ಬಂದವರ ಹೆಸರಿಗೆ ಹತ್ತು ಅಕ್ಷರಗಳಷ್ಟು ಜಾಗವಿದೆ. ಅದಕ್ಕೆ ತಗುಲಿದಂತೆ ಅಧಿಕಾರಿಯ ಅಪ್ಪಣೆಯನ್ನು ಬರೆಯುವ ಅಂಕಣವಿದೆ. ಬಂದವನೊಬ್ಬನು ಐವತ್ತು ಅಕ್ಷರಗಳ ಹೆಸರನ್ನು ಹೇಳುತ್ತಾನೆ. ಗುಮಾಸ್ತನು ಅಳತೆಯನ್ನು ನೋಡದೆ ಬರೆಯುತ್ತ ಹೋಗುತ್ತಾನೆ. ಹೆಸರಿನ ಕೊನೆಯ ಭಾಗವು ಅಪ್ಪಣೆಯ ಅಂಕಣದೊಳಕ್ಕೆ ಹರಿಯುತ್ತದೆ. ಆ ಭಾಗದಲ್ಲಿ 'ಖಜಾನೆಯ ಬೀಗವನ್ನು ತೆಗೆ' ಎಂದಿರುತ್ತದೆ. ಪುಸ್ತಕವನ್ನು ಮುಂದೆ ಓದುವ ನೌಕರನು ಅದನ್ನು ಅಧಿಕಾರಿಯ ಅಪ್ಪಣೆಯೆಂದೇ ನಂಬಿ ಬೀಗವನ್ನು ತೆಗೆಯುತ್ತಾನೆ. ಇಲ್ಲಿ ಯಾರೂ ಗೋಡೆಯನ್ನು ಒಡೆಯಲಿಲ್ಲ. ಬಂದವನು ಹೆಸರನ್ನು ಮಾತ್ರ ಹೇಳಿದನು. ಗಣಕದಲ್ಲಿ ಇಂಥ ಪರಿಶೀಲನದೋಷಕ್ಕೆ ರಂಧ್ರವೆಂದೂ, ಅದನ್ನು ಮುಚ್ಚುವ ತಿದ್ದುಪಡಿಗೆ ತೇಪೆಯೆಂದೂ ಹೇಳುವುದುಂಟು. ರಂಧ್ರಗಳೆಲ್ಲವೂ ಇದೇ ಬಗೆಯವಲ್ಲವಾದರೂ, ಕ್ರಿಮಿಗಳಿಗೆ ಹೆಚ್ಚಾಗಿ ದಾರಿಯಾದದ್ದು ಈ ಬಗೆಯದೇ.

೪. ಪ್ರಸಾರದ ಗಣಿತ

ಒಳಹೊಕ್ಕ ಕ್ರಿಮಿಯು ಮೊದಲು ತನ್ನ ಪ್ರತಿಯನ್ನು ನೆಲೆಗೊಳಿಸುತ್ತದೆ; ಅನಂತರ ಬೇರೆ ವಿಳಾಸಗಳನ್ನು ಹುಡುಕುತ್ತದೆ. ಕೆಲವು ಕ್ರಿಮಿಗಳು ವಿಳಾಸಗಳನ್ನು ಯದೃಚ್ಛೆಯಿಂದ ಆರಿಸುತ್ತವೆ. ಕೆಲವು ನೆರೆಹೊರೆಯ ವಿಳಾಸಗಳನ್ನು ಮೊದಲು ತಟ್ಟುತ್ತವೆ. ರಂಧ್ರವಿರುವ ಗಣಕವು ಸಿಕ್ಕಿದ ಕೂಡಲೆ ಅಲ್ಲಿಯೂ ಇದೇ ಕ್ರಮ ಮೊದಲಾಗುತ್ತದೆ. ತಟ್ಟುವವರ ಸಂಖ್ಯೆಯು ಹೀಗೆ ಹೆಚ್ಚುವುದರಿಂದ ಬೆಳವಣಿಗೆಯು ಕೂಡಿಕೆಯದಾಗದೆ ಗುಣಾಕಾರದ್ದಾಗುತ್ತದೆ.

೨೦೦೩ರ ಜನವರಿ ೨೫ರಂದು ಹೊರಟ ಸ್ಲ್ಯಾಮರ್ ಎಂಬ ಕ್ರಿಮಿಯು ಇದಕ್ಕೆ ಉತ್ತಮ ನಿದರ್ಶನ. ಅದರ ಶರೀರವು ೩೭೬ ಬೈಟುಗಳು ಮಾತ್ರ. ಈ ಪುಟದ ಒಂದು ಸಣ್ಣ ಪರಿಚ್ಛೇದಕ್ಕಿಂತಲೂ ಕಿರಿದು. ಆರಂಭದಲ್ಲಿ ಸೋಂಕಿದ ಗಣಕಗಳ ಸಂಖ್ಯೆಯು ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ಒಂದು ಹತ್ತು ಸಲ ಇಮ್ಮಡಿಯಾದರೆ ೧೦೨೪ ಆಗುತ್ತದೆ. ಎಂದರೆ ಒಂದೂವರೆ ನಿಮಿಷವು ತುಂಬುವುದರೊಳಗೆ ಒಂದು ಸಾವಿರವಾಯಿತು. ರಂಧ್ರವುಳ್ಳ ಗಣಕಗಳಲ್ಲಿ ನೂರಕ್ಕೆ ತೊಂಬತ್ತು ಭಾಗವು ಹತ್ತು ನಿಮಿಷಗಳೊಳಗೆ ಅದರ ವಶವಾಯಿತೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅವುಗಳ ಸಂಖ್ಯೆ ೭೫,೦೦೦ಕ್ಕೆ ಕಡಮೆಯಿಲ್ಲ. ಹತ್ತು ನಿಮಿಷಗಳಲ್ಲಿ ಯಾವ ಕಾವಲುಗಾರನೂ ಎದ್ದು ಬಾಗಿಲಿಗೆ ಬರಲಾರನು.

ಆದರೆ ಈ ಬೆಳವಣಿಗೆಗೂ ಮಿತಿಯಿದೆ. ರಂಧ್ರವುಳ್ಳ ಗಣಕಗಳು ಮುಗಿಯುತ್ತ ಬಂದಂತೆ ತಟ್ಟಿದ ಬಾಗಿಲುಗಳಲ್ಲಿ ಹೆಚ್ಚಿನವು ಮುಚ್ಚಿದವು, ಇಲ್ಲವೆ ಮೊದಲೇ ಸೋಂಕಿದವು ಆಗಿರುತ್ತವೆ; ವೇಗವು ತಾನಾಗಿ ಕುಗ್ಗುತ್ತದೆ. ಆದಕಾರಣ ಕ್ರಿಮಿಯ ಬಲವನ್ನು ನಿರ್ಣಯಿಸುವುದು ಅದರ ಚಾತುರ್ಯವೊಂದೇ ಅಲ್ಲ, ತೇಪೆ ಹಾಕದೆ ಉಳಿದ ಗಣಕಗಳ ಸಂಖ್ಯೆಯೂ ಹೌದು. ಸ್ಲ್ಯಾಮರ್ ಹೊಕ್ಕ ರಂಧ್ರಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ತೇಪೆಯನ್ನು ಕೊಟ್ಟದ್ದು ೨೦೦೨ರ ಜುಲೈ ತಿಂಗಳಲ್ಲಿ, ರೋಗಕ್ಕಿಂತ ಆರು ತಿಂಗಳ ಮುಂಚೆ. ಔಷಧವು ಸಿದ್ಧವಾದ ದಿನಕ್ಕೂ ಅದನ್ನು ಸೇವಿಸಿದ ದಿನಕ್ಕೂ ನಡುವಣ ಅವಧಿಯಲ್ಲಿಯೇ ಕ್ರಿಮಿಯ ರಾಜ್ಯ.

೫. ರೂಪಾಂತರಗಳು

ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರಿಗೆ ಪಾಠಾಂತರದ ಸ್ವರೂಪವು ಪರಿಚಿತವಾದದ್ದು. ಓಲೆಗಳನ್ನು ಸರಿಹೋಲಿಸಿ, ಸಮಾನವಾದ ಮೂಲಭಾಗವನ್ನೂ ಮುಂದೆ ಸೇರಿದ ಪ್ರಕ್ಷಿಪ್ತವನ್ನೂ ಬೇರ್ಪಡಿಸಿ, ಯಾವ ಪ್ರತಿಯು ಯಾವುದರಿಂದ ಹುಟ್ಟಿತೆಂಬುದನ್ನು ಅವರು ನಿರ್ಣಯಿಸುತ್ತಾರೆ. ಕ್ರಿಮಿಗಳನ್ನು ಪರೀಕ್ಷಿಸುವವರ ಕ್ರಮವೂ ಹೆಚ್ಚುಕಡಮೆ ಇದೇ. ಭೇದವಿಷ್ಟೆ: ಲಿಪಿಕಾರನ ಪಾಠಾಂತರವು ಬಹುಮಟ್ಟಿಗೆ ಪ್ರಮಾದದಿಂದ ಹುಟ್ಟುತ್ತದೆ, ಕ್ರಿಮಿಯ ಪಾಠಾಂತರವು ಬುದ್ಧಿಪೂರ್ವಕವಾದದ್ದು. ರಕ್ಷಕನು ಒಂದು ಬಾಗಿಲನ್ನು ಮುಚ್ಚಿದಾಗ ಕರ್ತೃವು ಮತ್ತೊಂದನ್ನು ಸೇರಿಸಿ ಹೊಸ ಪ್ರತಿಯನ್ನು ಬಿಡುತ್ತಾನೆ.

೨೦೦೮ರ ಅಕ್ಟೋಬರ್ ೨೩ರಂದು ಮೈಕ್ರೋಸಾಫ್ಟ್ ಸಂಸ್ಥೆಯು ೪೪೫ನೆಯ ಬಾಗಿಲ ಹಿಂದಿನ ಸೇವೆಯಲ್ಲಿದ್ದ ಒಂದು ರಂಧ್ರಕ್ಕೆ ತುರ್ತಾಗಿ ತೇಪೆಯನ್ನು ಪ್ರಕಟಿಸಿತು. ಕಡತವಿರುವ ಮಾರ್ಗವನ್ನು ಓದಿಕೊಳ್ಳುವ ಭಾಗದಲ್ಲಿ, ಮೇಲೆ ಹೇಳಿದ ಗುಮಾಸ್ತನಂಥದೇ ಅಜಾಗ್ರತೆಯಿತ್ತು. ಒಂದು ತಿಂಗಳಾಗುವುದರೊಳಗೆ, ನವೆಂಬರಿನಲ್ಲಿ, ಕಾನ್‌ಫಿಕರ್ ಎಂಬ ಕ್ರಿಮಿಯ ಮೊದಲನೆಯ ರೂಪವು ಆ ರಂಧ್ರವನ್ನು ಹೊಕ್ಕಿತು. ಅದಕ್ಕೆ ಇದ್ದದ್ದು ಆ ಒಂದೇ ದಾರಿ. ತೇಪೆ ಹಾಕಿದವರಿಗೆ ಅದರಿಂದ ಭಯವಿರಲಿಲ್ಲ.

ಡಿಸೆಂಬರಿನ ಕೊನೆಯಲ್ಲಿ ಎರಡನೆಯ ರೂಪವು ಕಾಣಿಸಿಕೊಂಡಿತು. ಹಳೆಯ ದಾರಿಗೆ ಅದು ಎರಡು ದಾರಿಗಳನ್ನು ಕೂಡಿಸಿಕೊಂಡಿತ್ತು. ಒಂದು, ಕಚೇರಿಗಳಲ್ಲಿ ಹಂಚಿಕೊಂಡ ಕಡತಕೋಶಗಳಿಗೆ ಹೋಗಿ, ಜನರು ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಒಂದೊಂದನ್ನೇ ಪ್ರಯೋಗಿಸುವುದು. ಇನ್ನೊಂದು, ಪೆನ್‌ಡ್ರೈವಿನಲ್ಲಿ ತನ್ನ ಪ್ರತಿಯನ್ನು ಬರೆದು, ಅದನ್ನು ಚುಚ್ಚಿದ ಗಣಕದಲ್ಲಿ ಎಚ್ಚರಗೊಳ್ಳುವುದು. ಚುಚ್ಚಿದೊಡನೆ ಒಳಗಿನ ಕ್ರಮವಿಧಿಯನ್ನು ನಡೆಸಲು ಮುಂದಾಗುವ ಒಂದು ಸೌಕರ್ಯವು ಆಗಿನ ವಿಂಡೋಸಿನಲ್ಲಿತ್ತು. ಬಳಸುವವನ ಶ್ರಮವನ್ನು ಉಳಿಸಲು ಮಾಡಿದ ಉಪಕಾರವು ಕ್ರಿಮಿಗೆ ವಾಹನವಾಯಿತು. ಹೀಗಾಗಿ ತೇಪೆ ಹಾಕಿದ ಗಣಕಕ್ಕೂ ಭಯವುಂಟಾಯಿತು. ೨೦೦೯ರ ಜನವರಿಯಲ್ಲಿ ಫ್ರಾನ್ಸ್ ದೇಶದ ನೌಕಾಪಡೆಯ ಒಳಜಾಲವೂ ಈ ಕ್ರಿಮಿಯಿಂದ ಪೀಡಿತವಾಯಿತು.

ಮುಂದಿನ ರೂಪಗಳಲ್ಲಿ ಬದಲಾದದ್ದು ಕರ್ತೃವಿನೊಡನೆ ಸಂಭಾಷಿಸುವ ಕ್ರಮ. ಮೊದಲಿನ ರೂಪಗಳು ದಿನಕ್ಕೆ ೨೫೦ ಜಾಲವಿಳಾಸಗಳನ್ನು ತಾವೇ ಕಲ್ಪಿಸಿಕೊಂಡು, ಅವುಗಳಲ್ಲಿ ಎಲ್ಲಾದರೂ ತಮ್ಮ ಒಡೆಯನು ಆಜ್ಞೆಯನ್ನು ಇಟ್ಟಿರುವನೇ ಎಂದು ನೋಡುತ್ತಿದ್ದುವು. ರಕ್ಷಕರು ಒಟ್ಟುಗೂಡಿ ಆ ವಿಳಾಸಗಳನ್ನು ಮುಂಚಿತವಾಗಿ ತಾವೇ ಹಿಡಿದುಕೊಂಡರು. ಅದಕ್ಕೆ ಉತ್ತರವಾಗಿ, ೨೦೦೯ರ ಏಪ್ರಿಲ್ ೧ರಿಂದ ದಿನಕ್ಕೆ ೫೦,೦೦೦ ವಿಳಾಸಗಳನ್ನು ಕಲ್ಪಿಸುವ ರೂಪವು ಬಂದಿತು. ರೂಪಾಂತರವೆಂಬುದು ಹೀಗೆ ರಕ್ಷಕನಿಗೂ ಕರ್ತೃವಿಗೂ ನಡೆಯುವ ವಾದಪ್ರತಿವಾದವೇ ಆಗಿದೆ.

೬. ತಂತಿಯಿಲ್ಲದೆಡೆಗೆ ಪ್ರವೇಶ

ಮಹಾಭಾರತದ ಆದಿಪರ್ವದಲ್ಲಿ ಪರೀಕ್ಷಿದ್ರಾಜನ ಕಥೆಯಿದೆ. ಏಳು ದಿನಗಳೊಳಗೆ ತಕ್ಷಕನಿಂದ ಮರಣವೆಂಬ ಶಾಪವನ್ನು ಕೇಳಿ ರಾಜನು ಒಂದೇ ಕಂಬದ ಉಪ್ಪರಿಗೆಯನ್ನು ಕಟ್ಟಿಸಿ, ವೈದ್ಯರನ್ನೂ ಮಂತ್ರಜ್ಞರನ್ನೂ ಸುತ್ತಲಿರಿಸಿಕೊಂಡನು. ತಕ್ಷಕನು ಆ ಕಾವಲನ್ನು ಭೇದಿಸಲಿಲ್ಲ. ತಪಸ್ವಿಗಳ ವೇಷದ ನಾಗರು ತಂದ ಹಣ್ಣಿನೊಳಗೆ ಸಣ್ಣ ಕ್ರಿಮಿಯಾಗಿ ಕುಳಿತು, ರಾಜನ ಕೈಗೇ ಬಂದನು. ಕಂಬದ ಬುಡವನ್ನು ಕಾದವರು ಹಣ್ಣಿನ ಬುಟ್ಟಿಯನ್ನು ಪರೀಕ್ಷಿಸಲಿಲ್ಲ.

೨೦೧೦ರ ಜೂನ್ ತಿಂಗಳಲ್ಲಿ ಬೆಲಾರೂಸ್ ದೇಶದ ಒಂದು ಸಂಸ್ಥೆಯು ಪತ್ತೆಮಾಡಿದ ಸ್ಟಕ್ಸ್‌ನೆಟ್ ಎಂಬ ಕ್ರಿಮಿಯ ವೃತ್ತಾಂತವು ಈ ಕಥೆಯನ್ನು ಸ್ಮರಣೆಗೆ ತರುತ್ತದೆ. ಇರಾನಿನ ನತಾಂಜ್ ಎಂಬಲ್ಲಿ ಯುರೇನಿಯಮ್ಮನ್ನು ಸಂಸ್ಕರಿಸುವ ಯಂತ್ರಗಳು ಅದರ ಲಕ್ಷ್ಯವಾಗಿದ್ದುವೆಂದು ಪರೀಕ್ಷಕರು ನಿರ್ಣಯಿಸಿದರು. ಆ ಯಂತ್ರಗಳನ್ನು ಆಳುವ ಗಣಕಗಳು ಹೊರಜಾಲಕ್ಕೆ ಸೇರಿರಲಿಲ್ಲ. ಕ್ರಿಮಿಯು ಪೆನ್‌ಡ್ರೈವನ್ನು ಹಣ್ಣಾಗಿ ಮಾಡಿಕೊಂಡಿತು. ಅದರ ೨೦೦೯ರ ಜೂನ್ ತಿಂಗಳ ರೂಪವು ಕಾನ್‌ಫಿಕರಿನಂತೆ, ಚುಚ್ಚಿದೊಡನೆ ನಡೆಯುವ ಸೌಕರ್ಯವನ್ನೇ ಆಶ್ರಯಿಸಿತ್ತು. ೨೦೧೦ರ ಮಾರ್ಚಿನ ರೂಪದಲ್ಲಿ ಹೊಸದೊಂದು ರಂಧ್ರವನ್ನು ಬಳಸಿದ್ದಿತು: ಪೆನ್‌ಡ್ರೈವಿನಲ್ಲಿರುವ ಕಡತಗಳ ಪಟ್ಟಿಯನ್ನು ತೆರೆದು, ಅವುಗಳ ಚಿಕ್ಕ ಚಿತ್ರಗಳನ್ನು ಕಣ್ಣಿನಿಂದ ನೋಡಿದರೂ ಸಾಕು, ಕ್ರಿಮಿಯು ಒಳಹೊಗುತ್ತಿತ್ತು. ಈ ರಂಧ್ರಕ್ಕೆ ತೇಪೆಯು ದೊರೆತದ್ದು ೨೦೧೦ರ ಆಗಸ್ಟ್ ೨ರಂದು. ಇಲ್ಲಿ ಔಷಧಕ್ಕಿಂತ ರೋಗವೇ ಮುಂಚಿತವಾಗಿ ಬಂದಿತು.

ಒಳಹೊಕ್ಕ ಮೇಲೆ ಅದು ಒಳಜಾಲದಲ್ಲಿ ಹಬ್ಬಲು ಅನೇಕ ಉಪಾಯಗಳನ್ನು ಹೂಡುತ್ತಿತ್ತು. ಮುದ್ರಣಸೇವೆಯ ರಂಧ್ರ, ಹಂಚಿಕೊಂಡ ಕಡತಕೋಶ, ಸೀಮೆನ್ಸ್ ಸಂಸ್ಥೆಯ ನಿಯಂತ್ರಣ ಕ್ರಮವಿಧಿಯೊಳಗೆ ಬದಲಿಸಲಾಗದಂತೆ ಇಟ್ಟಿದ್ದ ಪಾಸ್‌ವರ್ಡು, ಇವುಗಳೊಡನೆ ಕಾನ್‌ಫಿಕರ್ ಬಳಸಿದ್ದ ೨೦೦೮ರ ರಂಧ್ರವೂ ಇದ್ದಿತು. ಈ ಕೊನೆಯ ಅಂಶವು ಗಮನಾರ್ಹವಾದದ್ದು. ತೇಪೆ ಪ್ರಕಟವಾಗಿ ವರ್ಷ ಕಳೆದಿದ್ದರೂ, ಪ್ರತ್ಯೇಕವಾಗಿ ನಿಲ್ಲಿಸಿದ ಗಣಕಗಳಲ್ಲಿ ಆ ರಂಧ್ರವು ಇನ್ನೂ ತೆರೆದಿರುವುದೆಂದು ಕರ್ತೃಗಳು ನಂಬಿದ್ದರು. ತಂತಿಯ ಸಂಬಂಧವಿಲ್ಲದ ಗಣಕಕ್ಕೆ ರೋಗವು ಹೇಗೆ ಸುಲಭವಾಗಿ ತಲಪದೋ ಹಾಗೆಯೇ ಔಷಧವೂ ಸುಲಭವಾಗಿ ತಲಪದು. ಪ್ರತ್ಯೇಕತೆಯೇ ಅದರ ಕವಚ, ಅದೇ ಅದರ ದೌರ್ಬಲ್ಯ.

ಹೆಚ್ಚು ಹರಡಿ ಪ್ರಕಟವಾಗದಿರಲೆಂದು ಒಂದು ಪೆನ್‌ಡ್ರೈವಿನಿಂದ ಮೂರು ಗಣಕಗಳಿಗೆ ಹಬ್ಬಿದ ಮೇಲೆ ಕ್ರಿಮಿಯು ಅದರಿಂದ ತನ್ನನ್ನು ಅಳಿಸಿಕೊಳ್ಳುತ್ತಿತ್ತು. ೨೦೧೨ರ ಜೂನ್ ೨೪ಕ್ಕೆ ಅದರ ಪ್ರಸಾರದ ಆಯುಸ್ಸು ಮುಗಿಯುವಂತೆಯೂ ಏರ್ಪಡಿಸಿದ್ದರು. ಆದರೂ ಅದು ಇರಾನಿನಲ್ಲಿ ನಿಲ್ಲಲಿಲ್ಲ. ಸಿಮ್ಯಾಂಟೆಕ್ ಸಂಸ್ಥೆಯ ಲೆಕ್ಕದಂತೆ ೨೦೧೦ರ ಸೆಪ್ಟೆಂಬರ್ ೨೯ರ ಹೊತ್ತಿಗೆ ಸುಮಾರು ೧,೦೦,೦೦೦ ಗಣಕಗಳು ಸೋಂಕಿದ್ದುವು. ಅವುಗಳಲ್ಲಿ ನೂರಕ್ಕೆ ೫೮ಕ್ಕಿಂತ ಹೆಚ್ಚು ಇರಾನಿನಲ್ಲಿಯೂ, ಸುಮಾರು ೧೮ ಇಂಡೊನೇಷ್ಯದಲ್ಲಿಯೂ, ೮ಕ್ಕಿಂತ ಹೆಚ್ಚು ಭಾರತದಲ್ಲಿಯೂ ಇದ್ದುವು. ಲಕ್ಷ್ಯವಲ್ಲದ ಭಾರತವು ಮೂರನೆಯ ಸ್ಥಾನದಲ್ಲಿ ನಿಂತಿತು. ಕ್ರಿಮಿಯು ಭಾರತೀಯ ಗಣಕಗಳಿಗೆ ಹಾನಿಮಾಡದೆ ಹೋದದ್ದು ನಮ್ಮ ಕಾವಲಿನಿಂದಲ್ಲ. ಅದು ಹುಡುಕುತ್ತಿದ್ದ ಯಂತ್ರವು ಆ ಗಣಕಗಳಿಗೆ ಜೋಡಿಸಿರದ ಕಾರಣದಿಂದ.

೭. ಪರಮಾಣು ಸ್ಥಾವರಗಳ ನಿದರ್ಶನಗಳು

ನತಾಂಜ್ ಶತ್ರುಗಳ ವಿಶೇಷಪ್ರಯತ್ನಕ್ಕೆ ಗುರಿಯಾದದ್ದು; ಅಷ್ಟು ಶ್ರಮವನ್ನು ಬೇರೆಡೆ ಯಾರು ವಹಿಸುತ್ತಾರೆಂದು ಶಂಕಿಸಬಹುದು. ಈ ಶಂಕೆಗೆ ಎರಡು ನಿದರ್ಶನಗಳು ಉತ್ತರವನ್ನೀಯುತ್ತವೆ. ಇವೆರಡರಲ್ಲಿಯೂ ಒಳಹೊಕ್ಕದ್ದು ಯಾರನ್ನೂ ಲಕ್ಷಿಸದ, ಬೀದಿಯಲ್ಲಿ ಅಲೆಯುವ ಸಾಮಾನ್ಯಕ್ರಿಮಿ.

ಅಮೆರಿಕೆಯ ಒಹಾಯೊ ಪ್ರಾಂತದ ಡೇವಿಸ್-ಬೆಸ್ಸಿ ಪರಮಾಣು ಸ್ಥಾವರಕ್ಕೆ ೨೦೦೩ರ ಜನವರಿಯಲ್ಲಿ ಸ್ಲ್ಯಾಮರ್ ಹೊಕ್ಕಿತು. ಮುಂಬಾಗಿಲಿನ ರಕ್ಷಣೆಯು ಆ ಕ್ರಿಮಿಯನ್ನು ತಡೆಯುವಂತಿತ್ತು. ಆದರೆ ಗುತ್ತಿಗೆದಾರನೊಬ್ಬನ ಜಾಲದಿಂದ ಸ್ಥಾವರದ ಕಚೇರಿಜಾಲಕ್ಕೆ, ಆ ರಕ್ಷಣೆಯನ್ನು ಬಳಸಿಹೋಗುವ ಬೇರೊಂದು ತಂತಿಯಿತ್ತು. ಕ್ರಿಮಿಯು ಅದರಿಂದ ಕಚೇರಿಜಾಲಕ್ಕೂ, ಅಲ್ಲಿಂದ ಸ್ಥಾವರದ ಜಾಲಕ್ಕೂ ಬಂದಿತು. ಸುರಕ್ಷತೆಯ ಅಂಕಿಗಳನ್ನು ತೋರಿಸುವ ಫಲಕವು ಸುಮಾರು ಐದು ಗಂಟೆಗಳ ಕಾಲ ಕೆಲಸಮಾಡಲಿಲ್ಲ. ಸ್ಥಾವರವು ಆಗ ನಿಂತಿದ್ದುದರಿಂದ ಅನಾಹುತವಾಗಲಿಲ್ಲ. ಆರು ತಿಂಗಳ ಹಿಂದಿನ ತೇಪೆಯನ್ನು ಅಲ್ಲಿ ಹಾಕಿರಲಿಲ್ಲ.

ಜರ್ಮನಿಯ ಗುಂಡ್ರೆಮಿಂಗೆನ್ ಪರಮಾಣು ಸ್ಥಾವರದಲ್ಲಿ ೨೦೧೬ರ ಏಪ್ರಿಲ್ ತಿಂಗಳಲ್ಲಿ, ಇಂಧನದಂಡಗಳನ್ನು ಚಲಿಸುವ ಯಂತ್ರಕ್ಕೆ ಸಂಬಂಧಪಟ್ಟ ಒಂದು ಗಣಕದಲ್ಲಿ ಕಾನ್‌ಫಿಕರ್ ಕಂಡುಬಂದಿತು. ಕಚೇರಿಯಲ್ಲಿ ಬಳಸುತ್ತಿದ್ದ ೧೮ ಪೆನ್‌ಡ್ರೈವ್ ಮೊದಲಾದ ಉಪಕರಣಗಳಲ್ಲಿಯೂ ಸೋಂಕು ದೊರೆಯಿತು. ಆ ಗಣಕವು ಅಂತರ್ಜಾಲಕ್ಕೆ ಸೇರಿರಲಿಲ್ಲ. ಅಂತರ್ಜಾಲವಿಲ್ಲದ ಕಾರಣ ಕ್ರಿಮಿಯು ತನ್ನ ಒಡೆಯನನ್ನು ಕಾಣಲಾರದೆ ಸುಮ್ಮನಿತ್ತು, ಹಾನಿಯಾಗಲಿಲ್ಲ. ಆದರೆ ಔಷಧವು ಪ್ರಕಟವಾಗಿ ಏಳು ವರ್ಷಗಳು ಕಳೆದ ಮೇಲೂ ಹಳೆಯ ಕ್ರಿಮಿಯು ಪ್ರತ್ಯೇಕ ಗಣಕದಲ್ಲಿ ನೆಲಸಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಮೇಲೆ ಹೇಳಿದ ವ್ಯಾಪ್ತಿಗೆ ಇದಕ್ಕಿಂತ ಸ್ಪಷ್ಟವಾದ ವ್ಯಭಿಚಾರವು 
ಬೇಕಾಗಿಲ್ಲ.

೮. ಕಾರವಾರ ಮತ್ತು ಅಂಕೋಲೆ

ಹೇತುವು ಸವ್ಯಭಿಚಾರವೆಂದ ಮಾತ್ರಕ್ಕೆ ಕೈಗಾ ಸ್ಥಾವರವು ಸೋಂಕಿದೆಯೆಂದಾಗಲಿ, ಪ್ರತ್ಯೇಕತೆಯು ನಿಷ್ಫಲವೆಂದಾಗಲಿ ಅರ್ಥವಲ್ಲ. ಯದೃಚ್ಛೆಯಿಂದ ಬಾಗಿಲು ತಟ್ಟುವ ಲಕ್ಷಾಂತರ ಕ್ರಿಮಿಗಳನ್ನು ಪ್ರತ್ಯೇಕತೆಯು ತಡೆಯುತ್ತದೆ. ಒಳಹೊಕ್ಕದ್ದನ್ನು ಒಡೆಯನಿಂದ ದೂರವಿಡುತ್ತದೆ. ಆದರೆ ಅದು ಕೈಯಿಂದ ಒಯ್ಯುವುದನ್ನು ತಡೆಯಲಾರದು.

ಕೈಗಾ ಸ್ಥಾವರಕ್ಕೆ ಈ ಪಾಠವು ಬೇರೊಂದು ರೂಪದಲ್ಲಿ ಪರಿಚಿತವಾದದ್ದೇ. ೨೦೦೯ರ ನವೆಂಬರ್ ತಿಂಗಳಲ್ಲಿ, ನೌಕರರ ವಾಡಿಕೆಯ ಮೂತ್ರಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಜನರ ದೇಹದಲ್ಲಿ ಟ್ರಿಟಿಯಮ್ ಎಂಬ ವಿಕಿರಣವಸ್ತುವಿನ ಪ್ರಮಾಣವು ಹೆಚ್ಚಾಗಿ ಕಂಡುಬಂದಿತು. ಸ್ಥಾವರದೊಳಗಿನ ಕುಡಿಯುವ ನೀರಿನ ತಂಪುಪೆಟ್ಟಿಗೆಯಲ್ಲಿ ಭಾರಜಲವನ್ನು ಬೆರೆಸಲಾಗಿತ್ತು. ಇದು ಒಳಗಿನವರದೇ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಹೊರಗಣ ಬೇಲಿಗೂ ಕಾವಲಿಗೂ ಆಗ ಯಾವ ಭಂಗವೂ ಬಂದಿರಲಿಲ್ಲ. ಅದು ಬುದ್ಧಿಪೂರ್ವಕವಾದ ಅಪರಾಧ. ಪೆನ್‌ಡ್ರೈವಿನಲ್ಲಿ ಕ್ರಿಮಿಯನ್ನು ಒಯ್ಯುವವನಾದರೋ ಬಹುಮಟ್ಟಿಗೆ ನಿರಪರಾಧಿ, ತಾನು ಒಯ್ಯುತ್ತಿರುವುದನ್ನು ಅರಿಯದವನು. ಆದಕಾರಣ ಅಪರಾಧಿಯನ್ನು ಹುಡುಕುವ ಕಾವಲು ಅವನನ್ನು ಹಿಡಿಯಲಾರದು. ವಸ್ತುವನ್ನು ಪರೀಕ್ಷಿಸುವ ಕಾವಲೇ ಬೇಕು. ೨೦೦೯ರಲ್ಲಿ ದೋಷವು ಹೊರಬಿದ್ದದ್ದೂ ವಾಡಿಕೆಯ ಪರೀಕ್ಷೆಯಿಂದಲೇ ಎಂಬುದನ್ನು ಮರೆಯತಕ್ಕದ್ದಲ್ಲ.

ಅಂಕೋಲೆಯ ಗಂಗಾವಳಿ, ಕಾರವಾರದ ಕಾಳೀ ಮೊದಲಾದ ನದಿಗಳು ಸಮುದ್ರವನ್ನು ಸೇರುವೆಡೆಯ ಗಜನಿ ಗದ್ದೆಗಳ ರೈತರಿಗೆ ಈ ನ್ಯಾಯವು ಚೆನ್ನಾಗಿ ಗೊತ್ತು. ಭರತದ ಉಪ್ಪುನೀರು ಒಳನುಗ್ಗದಂತೆ ಒಡ್ಡು ಕಟ್ಟುತ್ತಾರೆ. ಒಡ್ಡು ಎಷ್ಟು ಎತ್ತರವಾಗಿದ್ದರೂ ಏಡಿಯ ಬಿಲವೊಂದು ಸಾಕು. ಬಿಲದಲ್ಲಿ ಜಿನುಗಿದ ನೀರೇ ದಾರಿಯನ್ನು ಅಗಲಮಾಡಿಕೊಳ್ಳುತ್ತದೆ. ಒಬ್ಬನ ಗದ್ದೆಯ ಅಂಚಿನಲ್ಲಿ ಬಿಲ ಬಿದ್ದರೆ ಉಪ್ಪಾಗುವುದು ಒಬ್ಬನ ಗದ್ದೆಯಲ್ಲ, ಒಡ್ಡಿನೊಳಗಿನ ಬಯಲೆಲ್ಲವೂ. ಆದುದರಿಂದ ಒಡ್ಡನ್ನು ಕಟ್ಟುವುದು ಒಮ್ಮೆಯ ಕೆಲಸ, ನೋಡಿಕೊಳ್ಳುವುದು ಪ್ರತಿವರ್ಷದ ಕೆಲಸ.

ಈ ಕರಾವಳಿಯಲ್ಲಿ ಒಡ್ಡಿನೊಳಗಿನ ಬಯಲು ಈಗ ವಿಶಾಲವಾಗಿದೆ. ಕೈಗಾ ಸ್ಥಾವರವಲ್ಲದೆ, ೨೦೦೫ರ ಮೇ ೩೧ರಂದು ಕಾರ್ಯಾರಂಭಮಾಡಿದ ಕದಂಬ ನೌಕಾನೆಲೆಯೂ, ಕಾರವಾರದ ಬಂದರವೂ, ಜಿಲ್ಲೆಯ ಕಚೇರಿಗಳೂ ಇಲ್ಲಿವೆ. ಇಂಥ ಸಂಸ್ಥೆಗಳಿಗೆ ಸಾಮಾನನ್ನು ಒದಗಿಸುವ ಗುತ್ತಿಗೆದಾರನು ತನ್ನ ಲೆಕ್ಕಪತ್ರವನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಿ ಮುದ್ರಿಸಿಕೊಳ್ಳಬಹುದು. ಆ ಅಂಗಡಿಯ ಗಣಕಕ್ಕೆ ದಿನವೂ ಹತ್ತಾರು ಜನರ ಪೆನ್‌ಡ್ರೈವುಗಳು ಬರುತ್ತವೆ. ಸ್ಟಕ್ಸ್‌ನೆಟ್ ಕೂಡ ನತಾಂಜನ್ನು ನೇರವಾಗಿ ಮುಟ್ಟಲಿಲ್ಲ. ಇರಾನಿನ ಐದು ಸಂಸ್ಥೆಗಳನ್ನು ಮೊದಲು ಹೊಕ್ಕು, ಅಲ್ಲಿಂದ ಹರಡಿತೆಂದು ಪರೀಕ್ಷಕರು ಅದರ ಪ್ರತಿಗಳಲ್ಲಿ ಉಳಿದ ಗುರುತುಗಳಿಂದ ಕಂಡುಹಿಡಿದರು. ದೊಡ್ಡ ಸ್ಥಾವರದ ಆರೋಗ್ಯವು ಹೀಗೆ ಸಣ್ಣ ಅಂಗಡಿಯ ಆರೋಗ್ಯದೊಡನೆ ಸಂಬಂಧಪಟ್ಟಿರುತ್ತದೆ.

೯. ಉಪಸಂಹಾರ

ಮೇಲ್ಕಂಡ ವಿಚಾರದಿಂದ, ಆರಂಭದಲ್ಲಿ ಹೇಳಿದ ವ್ಯಾಪ್ತಿಯನ್ನು ತಿದ್ದಬೇಕಾಗುತ್ತದೆ. 'ಎಲ್ಲಿ ಹೊರಜಾಲದ ಸಂಬಂಧವಿಲ್ಲವೋ ಅಲ್ಲಿ ಪ್ರವೇಶವಿಲ್ಲ' ಎಂಬುದು ಸಲ್ಲದು. 'ಎಲ್ಲಿಗೆ ಬೇರೆಡೆ ಬರೆದದ್ದು ಯಾವುದೂ ಪರೀಕ್ಷೆಯಿಲ್ಲದೆ ಬರುವುದಿಲ್ಲವೋ ಅಲ್ಲಿ ಪ್ರವೇಶವು ದುರ್ಲಭ' ಎಂಬುದು ಸಲ್ಲುವುದು. ಯಂತ್ರವನ್ನು ದುರಸ್ತಿಮಾಡಲು, ಅದರ ಕ್ರಮವಿಧಿಯನ್ನು ತಿದ್ದಲು, ಅದರ ಅಂಕಿಗಳನ್ನು ಹೊರಗೆ ತರಲು ಏನನ್ನಾದರೂ ಒಯ್ಯಲೇಬೇಕು. ಒಯ್ಯುವ ವಸ್ತುವೇ ತಂತಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಇದರಿಂದ ಫಲಿಸುವ ಕರ್ತವ್ಯಗಳು ಕಠಿನವಾದವಲ್ಲ. ತೇಪೆಯು ಪ್ರಕಟವಾದೊಡನೆ ಅದನ್ನು ಹಾಕತಕ್ಕದ್ದು. ಪ್ರತ್ಯೇಕ ಗಣಕಗಳಿಗೆ ಅದನ್ನು ಪರೀಕ್ಷಿಸಿ ಒಯ್ಯುವ ದಿನಗಳನ್ನು ಗೊತ್ತುಮಾಡತಕ್ಕದ್ದು. ಹೊರಗಿನಿಂದ ಬಂದ ಪೆನ್‌ಡ್ರೈವನ್ನು ಅದಕ್ಕಾಗಿಯೇ ಇಟ್ಟ ಬೇರೊಂದು ಗಣಕದಲ್ಲಿ ಮೊದಲು ನೋಡತಕ್ಕದ್ದು. ಒಳಗಿನ ಕೆಲಸಕ್ಕೆ ಒಳಗಿನ ಪೆನ್‌ಡ್ರೈವನ್ನೇ ಬಳಸತಕ್ಕದ್ದು. ಚುಚ್ಚಿದೊಡನೆ ನಡೆಯುವ ಸೌಕರ್ಯವನ್ನು ಹಳೆಯ ವಿಂಡೋಸುಗಳಲ್ಲಿ ಪೆನ್‌ಡ್ರೈವುಗಳ ಮಟ್ಟಿಗೆ ನಿಲ್ಲಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೧ರ ಫೆಬ್ರುವರಿಯಲ್ಲಿ ಹಂಚಿತು. ಅದಿಲ್ಲದ ಹಳೆಯ ಗಣಕಗಳನ್ನು ಹುಡುಕಿ ಸರಿಪಡಿಸತಕ್ಕದ್ದು. ಅಪ್ಪಣೆಯಾದ ಕ್ರಮವಿಧಿಗಳ ಪಟ್ಟಿಯನ್ನು ಮಾಡಿ, ಪಟ್ಟಿಯಲ್ಲಿಲ್ಲದ್ದು ನಡೆಯದಂತೆ ಕಟ್ಟುಮಾಡತಕ್ಕದ್ದು. ಸೋಂಕು ಕಂಡರೆ ಅದನ್ನು ಅಡಗಿಸಬಾರದು. ಭಾರತ ಸರ್ಕಾರದ ಗಣಕರಕ್ಷಣಾ ಸಂಸ್ಥೆಯಾದ ಸರ್ಟ್-ಇನ್, ೨೦೨೨ರ ಏಪ್ರಿಲ್ ೨೮ರ ಆದೇಶದಲ್ಲಿ ಅಂಥ ಘಟನೆಗಳನ್ನು ಆರು ಗಂಟೆಗಳೊಳಗೆ ತಿಳಿಸಬೇಕೆಂದು ವಿಧಿಸಿದೆ. ಸ್ಲ್ಯಾಮರ್ ಹತ್ತು ನಿಮಿಷಗಳಲ್ಲಿ ಮಾಡಿದ ಕೆಲಸವನ್ನು ನೆನೆದರೆ ಆ ಅವಧಿಯು ಅಲ್ಪವೆಂದು ಯಾರೂ ಹೇಳಲಾರರು.

'ಸಂಬಂಧವಿಲ್ಲ' ಎಂಬ ಮಾತು ರಕ್ಷಣೆಯ ಮೊದಲನೆಯ ಅವಯವವೇ ಹೊರತು ನಿಗಮನವಲ್ಲ. ಅದನ್ನು ನಿಗಮನವೆಂದು ತಿಳಿದ ಕಾವಲುಗಾರನು ಪರೀಕ್ಷೆಯನ್ನು ನಿಲ್ಲಿಸುತ್ತಾನೆ. ಕ್ರಿಮಿಗೆ ಬೇಕಾದದ್ದು ಆ ನಿಲುಗಡೆಯೇ.